ಕಂಪ್ಯೂಟರಿನ ರ್ಯಾಮ್ ಹೆಚ್ಚಿಸುವುದು: ಆರಿಸುವ, ಕೂರಿಸುವ, ಪರೀಕ್ಷಿಸುವ ಕ್ರಮ

ಕಂಪ್ಯೂಟರ್ ನಿಧಾನವಾಯಿತೆಂದರೆ ಸಾಕು, ರ್ಯಾಮ್, ಅಂದರೆ ಕೆಲಸದ ಹೊತ್ತಿನಲ್ಲಿ ದತ್ತಾಂಶವನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ, ಹೆಚ್ಚಿಸಿ ಎಂಬ ಸಲಹೆ ಕೂಡಲೇ ಸಿಗುತ್ತದೆ. ಎಷ್ಟೋ ಸಲ ಅದು ಸರಿಯಾದ ಸಲಹೆಯೇ. ಆದರೆ ಯಂತ್ರ ತಡವರಿಸುವುದಕ್ಕೆ ಹಳೆಯ ಹಾರ್ಡ್ ಡಿಸ್ಕ್, ಧೂಳು ತುಂಬಿ ಕಾದ ಪ್ರೊಸೆಸರ್ ಅಥವಾ ಹಿನ್ನೆಲೆಯಲ್ಲಿ ಓಡುತ್ತಿರುವ ಯಾವುದೋ ತಂತ್ರಾಂಶವೂ ಕಾರಣವಾಗಿರಬಹುದು, ಮತ್ತು ಅಂಥ ಸಂದರ್ಭದಲ್ಲಿ ಎಷ್ಟು ರ್ಯಾಮ್ ಸುರಿದರೂ ಪರಿಸ್ಥಿತಿ ಸುಧಾರಿಸುವುದಿಲ್ಲ. ಆದ್ದರಿಂದ ಕೊಳ್ಳುವುದಕ್ಕೆ ಮೊದಲು ಅಳೆಯಬೇಕು.

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿ, ನೀವು ದಿನವೂ ಮಾಡುವ ಕೆಲಸವನ್ನು ಅದೇ ರೀತಿ ಮಾಡುತ್ತ, ಅಂದರೆ ಅಷ್ಟೇ ಬ್ರೌಸರ್ ಟ್ಯಾಬ್‌ಗಳನ್ನೂ ಅವೇ ಕಡತಗಳನ್ನೂ ತೆರೆದಿಟ್ಟುಕೊಂಡು, ಸ್ವಲ್ಪ ಹೊತ್ತು ಗಮನಿಸಿ. ಅಲ್ಲಿ ಕಾಣುವ ಕ್ಯಾಶ್ಡ್ ಎಂಬ ಅಂಕಿ ದೊಡ್ಡದಿದ್ದರೆ ಗಾಬರಿಯಾಗಬೇಕಿಲ್ಲ. ಖಾಲಿ ಇರುವ ರ್ಯಾಮನ್ನು ಆಪರೇಟಿಂಗ್ ಸಿಸ್ಟಂ ಸುಮ್ಮನೆ ಬಿಡದೆ, ಮುಂದೆ ಬೇಕಾಗಬಹುದಾದ ದತ್ತಾಂಶವನ್ನು ಅದರಲ್ಲಿ ಇಟ್ಟುಕೊಂಡಿರುತ್ತದೆ, ಬೇರೆ ತಂತ್ರಾಂಶಕ್ಕೆ ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಅವೈಲಬಲ್ (ಸದ್ಯ ಬಳಕೆಗೆ ಸಿಗುವ ರ್ಯಾಮ್) ಮತ್ತು ಕಮಿಟೆಡ್ (ತಂತ್ರಾಂಶಗಳಿಗೆ ಕೊಡಲು ಒಪ್ಪಿಕೊಂಡ ಒಟ್ಟು ಮೆಮೊರಿ) ಎಂಬ ಎರಡು ಅಂಕಿಗಳನ್ನು. ಮೊದಲನೆಯದು ಸದಾ ಒಂದು ಜಿಬಿಗಿಂತ ಕೆಳಗೇ ಉಳಿದು, ಕಮಿಟೆಡ್‌ನ ಮೊದಲ ಅಂಕಿ ಯಂತ್ರದಲ್ಲಿರುವ ಒಟ್ಟು ರ್ಯಾಮನ್ನು ಮೀರಿ, ಅದೇ ಹೊತ್ತಿಗೆ ಡಿಸ್ಕ್ ಕೂಡ ಬಿಡುವಿಲ್ಲದೆ ದುಡಿಯುತ್ತಿದ್ದರೆ ಕೊರತೆ ರ್ಯಾಮ್‌ನದ್ದೇ ಎನ್ನಬಹುದು. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ಫ್ರೀ ಆದೇಶವನ್ನು ಕೊಟ್ಟು, ಅವೈಲಬಲ್ ಕಾಲಂ ಮತ್ತು ಸ್ವಾಪ್ (ರ್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ) ಸಾಲನ್ನು ನೋಡಬೇಕು.

ಅಳತೆಯಲ್ಲಿ ಕೊರತೆ ಕಾಣದಿದ್ದರೆ, ಮತ್ತು ಯಂತ್ರದಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಅದೇ ಹಣವನ್ನು ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗಗಳಿಲ್ಲದ ವೇಗದ ಡ್ರೈವ್‌ಗೆ, ಹಾಕುವುದು ಜಾಣತನ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ಎಷ್ಟು ಬೇಕು

ವಿಂಡೋಸ್ 11 ಕೇಳುವ ಕನಿಷ್ಠ ಪ್ರಮಾಣ 4 ಜಿಬಿ. ಅದು ಯಂತ್ರ ಶುರುವಾಗಲು ಸಾಕು, ಕೆಲಸ ಮಾಡಲು ಸಾಲದು. ಬರವಣಿಗೆ, ಮಿಂಚಂಚೆ, ನಾಲ್ಕಾರು ಟ್ಯಾಬ್‌ಗಳಿಗೆ 8 ಜಿಬಿ ಹೇಗೋ ಸಾಕಾಗುತ್ತದೆ. ಸಾಮಾನ್ಯ ಬಳಕೆದಾರರು ಇಂದು 16 ಜಿಬಿಯನ್ನೇ ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದು. ವಿಡಿಯೊ ಸಂಕಲನ, ದೊಡ್ಡ ಛಾಯಾಚಿತ್ರಗಳ ಸಂಸ್ಕರಣೆ, ವರ್ಚುವಲ್ ಮೆಷಿನ್‌ಗಳು, ಭಾರೀ ತಂತ್ರಾಂಶ ಅಭಿವೃದ್ಧಿ ಇವುಗಳಿಗೆ 32 ಜಿಬಿ ಅಥವಾ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಇದಕ್ಕಿಂತ ನಂಬಿಕೆಗೆ ಅರ್ಹವಾದದ್ದು ನಿಮ್ಮದೇ ಅಳತೆ: ಕಮಿಟೆಡ್ ಅಂಕಿ ಅತಿ ಹೆಚ್ಚೆಂದರೆ ಎಲ್ಲಿಗೆ ಮುಟ್ಟುತ್ತದೆಯೋ ಅದಕ್ಕೆ ಇನ್ನಷ್ಟು ಸೇರಿಸಿ ಲೆಕ್ಕ ಹಾಕಿ. ಹಳೆಯ ಯಂತ್ರದಲ್ಲಿ 32 ಬಿಟ್‌ನ ವಿಂಡೋಸ್ ಇದ್ದರೆ 4 ಜಿಬಿಗಿಂತ ಹೆಚ್ಚು ಹಾಕಿ ಪ್ರಯೋಜನವಿಲ್ಲ. ಮೊದಲು 64 ಬಿಟ್‌ನ ಆವೃತ್ತಿಯನ್ನು ಅನುಸ್ಥಾಪಿಸಬೇಕು.

ನಿಮ್ಮ ಯಂತ್ರ ಯಾವುದನ್ನು ಒಪ್ಪುತ್ತದೆ

ಮೊದಲ ಪ್ರಶ್ನೆ, ರ್ಯಾಮ್ ಬದಲಿಸಲು ಸಾಧ್ಯವೇ ಎಂಬುದು. ತೆಳ್ಳಗಿನ ಲ್ಯಾಪ್‌ಟಾಪ್‌ಗಳಲ್ಲಿ ಎಲ್‌ಪಿಡಿಡಿಆರ್ ಎಂಬ ಜಾತಿಯ ಮೆಮೊರಿ ಚಿಪ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ಆಪಲ್‌ನ ಎಂ ಸರಣಿಯ ಪ್ರೊಸೆಸರ್ ಇರುವ ಮ್ಯಾಕ್‌ಗಳಲ್ಲಿ ಮೆಮೊರಿ ಪ್ರೊಸೆಸರ್‌ನ ಜೊತೆಗೇ ಒಂದಾಗಿ ಬರುವುದರಿಂದ, ಕೊಳ್ಳುವಾಗ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಒಂದಿಷ್ಟು ರ್ಯಾಮ್ ಬೆಸುಗೆಯಾಗಿದ್ದು, ಜೊತೆಗೆ ಒಂದು ಖಾಲಿ ಸ್ಲಾಟ್ (ರ್ಯಾಮ್ ಸಿಕ್ಕಿಸುವ ಜಾಗ) ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಎಷ್ಟು ಸ್ಲಾಟ್ ತುಂಬಿವೆ ಎಂಬ ಸಾಲು ಇದೆಯಾದರೂ, ಬೆಸುಗೆ ಹಾಕಿದ ಚಿಪ್‌ಗಳನ್ನೂ ಅದು ಸ್ಲಾಟ್ ಎಂದೇ ಎಣಿಸಿ ತೋರಿಸುವುದುಂಟು. ಹಾಗಾಗಿ ತಯಾರಕರ ಕೈಪಿಡಿಯ ಮಾತೇ ಕೊನೆಯ ಮಾತು. ಕೈಪಿಡಿ ಎಂದಾಗ ಲ್ಯಾಪ್‌ಟಾಪ್ ಆದರೆ ಅದೇ ಮಾದರಿಯ ಸರ್ವಿಸ್ ಮ್ಯಾನುಯಲ್, ಬಿಡಿಭಾಗಗಳಿಂದ ಜೋಡಿಸಿದ ಡೆಸ್ಕ್‌ಟಾಪ್ ಆದರೆ ಮದರ್‌ಬೋರ್ಡ್‌ನ ಕೈಪಿಡಿ. ಗರಿಷ್ಠ ಎಷ್ಟು ಜಿಬಿ, ಒಂದು ಸ್ಲಾಟ್‌ಗೆ ಎಷ್ಟು, ಯಾವ ವೇಗ ಎಂಬ ಮೂರೂ ವಿವರಗಳು ಅದರಲ್ಲಿರುತ್ತವೆ.

ಎರಡನೆಯದು, ತಲೆಮಾರು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಡೆಸ್ಕ್‌ಟಾಪ್‌ನ ಡಿಡಿಆರ್3 ಸ್ಟಿಕ್‌ಗೆ, ಅಂದರೆ ಮೆಮೊರಿ ಚಿಪ್‌ಗಳನ್ನು ಕೂರಿಸಿದ ಉದ್ದನೆಯ ಪಟ್ಟಿಗೆ, 240 ಪಿನ್‌ಗಳು. ಡಿಡಿಆರ್4 ಮತ್ತು ಡಿಡಿಆರ್5 ಎರಡಕ್ಕೂ 288 ಪಿನ್‌ಗಳೇ ಇದ್ದರೂ, ಕೆಳ ಅಂಚಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ವಿದ್ಯುತ್ ಬೇಡಿಕೆಯೂ ಬೇರೆ: ಡಿಡಿಆರ್3ಕ್ಕೆ 1.5 ವೋಲ್ಟ್, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಲ್ಯಾಪ್‌ಟಾಪ್‌ಗಳಲ್ಲಿ ಬಳಸುವ ಗಿಡ್ಡ ಸ್ಟಿಕ್‌ಗಳನ್ನು ಎಸ್‌ಒ-ಡಿಮ್ ಎನ್ನುತ್ತಾರೆ. ಅವುಗಳ ಪಿನ್ ಸಂಖ್ಯೆ ಡಿಡಿಆರ್3ರಲ್ಲಿ 204, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262. ಪುಟ್ಟ ಪೆಟ್ಟಿಗೆಯಂಥ ಮಿನಿ ಡೆಸ್ಕ್‌ಟಾಪ್‌ಗಳಲ್ಲೂ ಸಾಮಾನ್ಯವಾಗಿ ಈ ಗಿಡ್ಡ ಸ್ಟಿಕ್‌ಗಳೇ ಇರುತ್ತವೆ ಎಂಬುದನ್ನು ಮರೆತು ಉದ್ದದವನ್ನು ತರಿಸಿಕೊಳ್ಳುವವರಿದ್ದಾರೆ. ಡಿಡಿಆರ್3 ಕಾಲದ ಲ್ಯಾಪ್‌ಟಾಪ್‌ಗೆ ಕೊಳ್ಳುವವರು ಇನ್ನೊಂದನ್ನು ನೋಡಬೇಕು: 1.35 ವೋಲ್ಟ್‌ನ ಡಿಡಿಆರ್3ಎಲ್ ಬೇಡುವ ಯಂತ್ರದಲ್ಲಿ 1.5 ವೋಲ್ಟ್‌ನ ಸ್ಟಿಕ್ ಕಚ್ಚಿಗೆ ಸರಿಯಾಗಿ ಕೂತರೂ ಕೆಲಸ ಮಾಡದೆ ಹೋಗಬಹುದು.

ಪ್ರೊಸೆಸರ್ ಹೆಸರಿನಿಂದ ತಲೆಮಾರನ್ನು ಊಹಿಸುವುದು ಎಲ್ಲ ಕಡೆಯೂ ನಡೆಯುವುದಿಲ್ಲ. ಎಎಂಡಿಯ ಎಎಂ4 ಸಾಕೆಟ್ ಎಂದರೆ ಡಿಡಿಆರ್4, ಎಎಂ5 ಎಂದರೆ ಡಿಡಿಆರ್5 ಎಂದು ಕಣ್ಣುಮುಚ್ಚಿ ಹೇಳಬಹುದು. ಆದರೆ ಇಂಟೆಲ್‌ನ 12ರಿಂದ 14ನೇ ತಲೆಮಾರಿನವರೆಗಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡನ್ನೂ ಬಲ್ಲವು, ಯಾವುದು ನಡೆಯುತ್ತದೆಂಬುದನ್ನು ಮದರ್‌ಬೋರ್ಡ್ ತೀರ್ಮಾನಿಸುತ್ತದೆ. ಪೆಟ್ಟಿಗೆ ಬಿಚ್ಚದೆಯೇ ತಿಳಿಯಬೇಕೆಂದರೆ ಸಿಪಿಯು-ಜಡ್ ಎಂಬ ಉಚಿತ ತಂತ್ರಾಂಶದ ಎಸ್‌ಪಿಡಿ ಪುಟವನ್ನು ತೆರೆಯಿರಿ. ಪ್ರತಿ ಸ್ಲಾಟ್‌ನಲ್ಲಿರುವ ಸ್ಟಿಕ್‌ನ ತಲೆಮಾರು, ಗಾತ್ರ, ತಯಾರಕರು, ಪಾರ್ಟ್ ನಂಬರ್ ಎಲ್ಲವೂ ಅಲ್ಲಿ ಸಿಗುತ್ತವೆ. ಲಿನಕ್ಸ್‌ನಲ್ಲಿ ಡಿಎಂಐಡಿಕೋಡ್ ಆದೇಶದಿಂದ ಇದೇ ವಿವರವನ್ನು ಪಡೆಯಬಹುದು.

ಸರ್ವರ್‌ಗಳಿಂದ ಕಳಚಿದ ರಿಜಿಸ್ಟರ್ಡ್ ಸ್ಟಿಕ್‌ಗಳು ಅಗ್ಗಕ್ಕೆ ಸಿಗುತ್ತವೆಂದು ತರಬೇಡಿ. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಅವು ಕೆಲಸ ಮಾಡುವುದಿಲ್ಲ.

ವೇಗದ ಅಂಕಿಗಳನ್ನು ಓದುವುದು

ಗೊಂದಲ ಹೆಚ್ಚಿರುವುದು ಇಲ್ಲಿಯೇ. ಡಿಡಿಆರ್4-3200 ಎಂಬಲ್ಲಿ 3200 ಎನ್ನುವುದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ದತ್ತಾಂಶ ವರ್ಗಾವಣೆಯಾಗುತ್ತದೆ ಎಂಬ ಲೆಕ್ಕ. ಗಡಿಯಾರದ ಪ್ರತಿ ಮಿಡಿತಕ್ಕೆ ಎರಡು ಸಲ ವರ್ಗಾವಣೆ ನಡೆಯುವುದರಿಂದ ನಿಜವಾದ ಗಡಿಯಾರ ವೇಗ 1600 ಮೆಗಾಹರ್ಟ್ಜ್ ಮಾತ್ರ. ಸಿಪಿಯು-ಜಡ್ ತೋರಿಸುವುದು ಈ ಅರ್ಧದ ಅಂಕಿಯನ್ನು. ಅದನ್ನು ಕಂಡು, ಅರ್ಧ ವೇಗದ ಸ್ಟಿಕ್ ಕೊಟ್ಟರೆಂದು ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವ ಅಗತ್ಯವಿಲ್ಲ. ಲೇಬಲ್ ಮೇಲೆ ಪಿಸಿ4-25600 ಎಂದಿದ್ದರೆ ಅದೂ ಇದೇ ಸ್ಟಿಕ್: 3200ನ್ನು 8 ಬೈಟ್‌ಗಳಿಂದ ಗುಣಿಸಿದರೆ 25,600, ಅಂದರೆ ಸೆಕೆಂಡಿಗೆ 25.6 ಗಿಗಾಬೈಟ್.

ಇದರ ಜೊತೆಗೆ ಸಿಎಲ್16, ಸಿಎಲ್22 ಎಂಬ ಇನ್ನೊಂದು ಅಂಕಿ ಇರುತ್ತದೆ. ದತ್ತಾಂಶ ಕೇಳಿದ ಮೇಲೆ ಅದು ಹೊರಬರಲು ಎಷ್ಟು ಮಿಡಿತ ಕಾಯಬೇಕು ಎಂಬುದನ್ನು ಅದು ಹೇಳುತ್ತದೆ. ಮಿಡಿತದ ಅವಧಿ ವೇಗಕ್ಕೆ ತಕ್ಕಂತೆ ಬದಲಾಗುವುದರಿಂದ, ಎರಡು ಸ್ಟಿಕ್‌ಗಳ ಸಿಎಲ್ ಅಂಕಿಯನ್ನು ನೇರವಾಗಿ ಹೋಲಿಸಬಾರದು. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಕಾಯುವ ಕಾಲ ನ್ಯಾನೊಸೆಕೆಂಡ್‌ಗಳಲ್ಲಿ ಸಿಗುತ್ತದೆ. ಡಿಡಿಆರ್4-3200 ಸಿಎಲ್16 ಎಂದರೆ 10 ನ್ಯಾನೊಸೆಕೆಂಡ್, ಅದೇ ವೇಗದ ಸಿಎಲ್22 ಎಂದರೆ 13.75. ಡಿಡಿಆರ್5-6000 ಸಿಎಲ್30 ಸ್ಟಿಕ್‌ನ ಸಿಎಲ್ ಅಂಕಿ ಹೆಚ್ಚುಕಡಿಮೆ ದುಪ್ಪಟ್ಟಾಗಿ ಕಂಡರೂ ಕಾಯುವ ಕಾಲ ಮತ್ತೆ 10 ನ್ಯಾನೊಸೆಕೆಂಡೇ.

ಕೊಳ್ಳುವವರು ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ ಕೊಡಬೇಕು? ನನ್ನ ಅಭಿಪ್ರಾಯದಲ್ಲಿ ಮೊದಲು ಸಾಕಷ್ಟು ಗಾತ್ರ, ನಂತರ ಜೋಡಿಯಾಗಿ ಕೂರಿಸುವ ಅವಕಾಶ, ಅದಾದ ಮೇಲೆ ವೇಗ, ಕೊನೆಗೆ ಸಿಎಲ್. ಬಣ್ಣದ ದೀಪಗಳಿರುವ ಸ್ಟಿಕ್‌ಗೆ ಕೊಡುವ ಹೆಚ್ಚುವರಿ ಹಣ ದೀಪಕ್ಕೆ ಸಲ್ಲುತ್ತದೆ, ಮೆಮೊರಿಗಲ್ಲ. ಅದಲ್ಲದೆ ಎತ್ತರದ ಲೋಹದ ಹೊದಿಕೆ ಇರುವ ಸ್ಟಿಕ್‌ಗಳು ದೊಡ್ಡ ಪ್ರೊಸೆಸರ್ ಕೂಲರ್‌ಗೆ ತಗಲುವ ಸಂಭವವೂ ಇದೆ.

ಒಂದೋ, ಎರಡೋ, ನಾಲ್ಕೋ

ಸಾಮಾನ್ಯ ಡೆಸ್ಕ್‌ಟಾಪ್ ಮತ್ತು ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಮೆಮೊರಿಯತ್ತ ಎರಡು ದಾರಿಗಳಿರುತ್ತವೆ. ಇವನ್ನೇ ಚಾನೆಲ್ ಎನ್ನುವುದು. ಒಂದೇ ಸ್ಟಿಕ್ ಹಾಕಿದರೆ ಒಂದು ಚಾನೆಲ್ ಖಾಲಿ ಉಳಿಯುತ್ತದೆ. ಡಿಡಿಆರ್4-3200ರ ಒಂದು 16 ಜಿಬಿ ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಸಾಗಿಸಬಲ್ಲದು, 8 ಜಿಬಿಯ ಎರಡು ಸ್ಟಿಕ್‌ಗಳು ಎರಡು ಚಾನೆಲ್‌ಗಳಲ್ಲಿ ಕೂತರೆ ಒಟ್ಟು 51.2. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸನ್ನೇ ನೆಚ್ಚಿಕೊಂಡ ಯಂತ್ರಗಳಲ್ಲಿ ಈ ವ್ಯತ್ಯಾಸ ಆಟ ಆಡುವಾಗ ಬರಿಗಣ್ಣಿಗೇ ಕಾಣುತ್ತದೆ, ಏಕೆಂದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದು ಬಳಸುವುದೂ ಇದೇ ರ್ಯಾಮನ್ನು. ಬರವಣಿಗೆ, ಬ್ರೌಸಿಂಗ್‌ನಂಥ ಕೆಲಸಗಳಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ.

ಈಗಿರುವ ಸ್ಟಿಕ್ಕನ್ನು ಉಳಿಸಿಕೊಂಡು ಇನ್ನೊಂದನ್ನು ಸೇರಿಸುವುದಾದರೆ ಗಾತ್ರ, ವೇಗ, ಸಿಎಲ್ ಮತ್ತು ವೋಲ್ಟೇಜ್ ಹೊಂದುವಂಥದನ್ನು ಹುಡುಕಬೇಕು; ಪಾರ್ಟ್ ನಂಬರ್ ಒಂದೇ ಆದರೆ ಇನ್ನೂ ಒಳ್ಳೆಯದು. ಬೇರೆ ಬೇರೆ ವೇಗದವು ಜೊತೆಯಾದರೆ ಎಲ್ಲವೂ ನಿಧಾನದ್ದರ ವೇಗಕ್ಕೇ ಇಳಿಯುತ್ತವೆ. ಗಾತ್ರ ಬೇರೆಯಾದರೂ ಸಾಮಾನ್ಯವಾಗಿ ನಡೆಯುತ್ತದೆ: 4 ಜಿಬಿ ಮತ್ತು 8 ಜಿಬಿ ಸ್ಟಿಕ್‌ಗಳು ಒಟ್ಟಿಗಿದ್ದರೆ, ಅನೇಕ ಯಂತ್ರಗಳು ಎರಡರಿಂದಲೂ ನಾಲ್ಕು ನಾಲ್ಕು ಜಿಬಿಯನ್ನು ಎರಡು ಚಾನೆಲ್‌ಗಳಲ್ಲಿ ಬಳಸಿ, ಉಳಿದ 4 ಜಿಬಿಯನ್ನು ಒಂದೇ ಚಾನೆಲ್‌ನಲ್ಲಿ ಬಳಸುತ್ತವೆ. ಲ್ಯಾಪ್‌ಟಾಪ್‌ಗೆ ಇದು ಒಪ್ಪಬಹುದಾದ ರಾಜಿ. ಹೆಚ್ಚಿನ ವೇಗದ ಸ್ಟಿಕ್‌ಗಳನ್ನು ಮಾತ್ರ ಒಂದೊಂದಾಗಿ ಕೊಳ್ಳದೆ, ಒಟ್ಟಿಗೆ ಪರೀಕ್ಷಿಸಿ ಒಂದೇ ಪೊಟ್ಟಣದಲ್ಲಿ ಮಾರುವ ಜೋಡಿಯನ್ನೇ ಕೊಳ್ಳಬೇಕು.

ನಾಲ್ಕು ಸ್ಲಾಟ್‌ಗಳಿವೆಯೆಂದು ನಾಲ್ಕನ್ನೂ ತುಂಬುವ ಆಸೆ ಡಿಡಿಆರ್5 ಯಂತ್ರಗಳಲ್ಲಿ ದುಬಾರಿಯಾಗುತ್ತದೆ. ಎಎಂಡಿಯ ರೈಜನ್ 7000 ಸರಣಿಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಕಂಪನಿಯೇ ಕೊಟ್ಟಿರುವ ಅಧಿಕೃತ ವೇಗ ಎರಡು ಸ್ಟಿಕ್‌ಗಳಿದ್ದಾಗ 5200, ನಾಲ್ಕಿದ್ದಾಗ 3600. ಒಂದೊಂದು ಚಾನೆಲ್‌ಗೂ ಎರಡೆರಡು ಸ್ಟಿಕ್‌ಗಳ ವಿದ್ಯುತ್ ಹೊರೆ ಬೀಳುವುದರಿಂದ ಸಂಕೇತಗಳು ಅಷ್ಟು ಸ್ವಚ್ಛವಾಗಿ ತಲುಪುವುದಿಲ್ಲ. ಆದ್ದರಿಂದ 32 ಜಿಬಿ ಬೇಕಾದರೆ 16ರ ಎರಡು, 64 ಬೇಕಾದರೆ 32ರ ಎರಡು ಎಂದೇ ಲೆಕ್ಕ ಹಾಕಿ. 24 ಮತ್ತು 48 ಜಿಬಿಯ ಡಿಡಿಆರ್5 ಸ್ಟಿಕ್‌ಗಳೂ ಇವೆ. ಅವುಗಳಿಗೆ ಮೊದಲು ಮದರ್‌ಬೋರ್ಡ್‌ನ ಬಯೋಸನ್ನು (ಯಂತ್ರ ಶುರುವಾಗುವಾಗ ಮೊದಲು ಓಡುವ ಒಳ ತಂತ್ರಾಂಶವನ್ನು) ನವೀಕರಿಸಬೇಕಾಗಬಹುದು.

ಡೆಸ್ಕ್‌ಟಾಪ್‌ನಲ್ಲಿ ಕೂರಿಸುವುದು

ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೆಡೆ ಇಟ್ಟುಕೊಂಡು, ಯಂತ್ರವನ್ನು ಪೂರ್ತಿಯಾಗಿ ಆರಿಸಿ. ಪೂರ್ತಿಯಾಗಿ ಎನ್ನಲು ಕಾರಣವಿದೆ: ಹೈಬರ್ನೇಟ್ ಮಾಡಿದ ಯಂತ್ರ, ಅದೇ ರ್ಯಾಮ್ ಇರುತ್ತದೆಂದು ನಂಬಿ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟಿರುತ್ತದೆ. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್ ಡೌನ್ ಆರಿಸಿದರೆ ನಿಜವಾಗಿಯೂ ಆರುತ್ತದೆ. ನಂತರ ಹಿಂಬದಿಯ ಸ್ವಿಚ್ ಆರಿಸಿ, ವಿದ್ಯುತ್ ತಂತಿಯನ್ನು ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಬರಿದಾಗಲಿ.

ಮೈಮೇಲಿನ ಸ್ಥಾಯೀ ವಿದ್ಯುತ್ತು ನಮಗೆ ಚುರುಕ್ ಎನ್ನಿಸದೆಯೇ ಚಿಪ್ಪನ್ನು ಕೆಡಿಸಬಲ್ಲದು. ಮಣಿಕಟ್ಟಿನ ಪಟ್ಟಿ ಇದ್ದರೆ ಕಟ್ಟಿಕೊಳ್ಳಿ; ಇಲ್ಲದಿದ್ದರೆ ಪೆಟ್ಟಿಗೆಯೊಳಗಿನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ, ಕೆಲಸದ ನಡುವೆಯೂ ಆಗಾಗ ಮುಟ್ಟುತ್ತಿರಿ. ರತ್ನಗಂಬಳಿಯ ಮೇಲೆ ನಿಂತು ಈ ಕೆಲಸ ಮಾಡಬೇಡಿ. ಸ್ಟಿಕ್ಕನ್ನು ಅಂಚುಗಳಲ್ಲಿ ಮಾತ್ರ ಹಿಡಿಯಬೇಕು, ಬಂಗಾರದ ಬಣ್ಣದ ಪಿನ್‌ಗಳಿಗೆ ಬೆರಳು ತಾಗಬಾರದು.

ಪೆಟ್ಟಿಗೆಯ ಪಕ್ಕದ ಬಾಗಿಲನ್ನು ತೆಗೆದರೆ ಪ್ರೊಸೆಸರ್ ಪಕ್ಕದಲ್ಲಿ ಉದ್ದನೆಯ ಸ್ಲಾಟ್‌ಗಳು ಕಾಣುತ್ತವೆ. ನಾಲ್ಕು ಸ್ಲಾಟ್‌ಗಳಿದ್ದು ಎರಡು ಸ್ಟಿಕ್ ಹಾಕುವುದಾದರೆ, ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಪ್ರೊಸೆಸರ್ ಕಡೆಯಿಂದ ಎಣಿಸಿದಾಗ ಸಿಗುವ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳೇ ಸರಿಯಾದವು. ಬೋರ್ಡಿನ ಮೇಲೆ ಅವುಗಳ ಬಳಿ ಎ2, ಬಿ2 ಎಂದು ಅಚ್ಚಾಗಿರುತ್ತದೆ. ಪಕ್ಕಪಕ್ಕದ ಎರಡರಲ್ಲಿ ಹಾಕಿದರೆ ಸಾಮಾನ್ಯವಾಗಿ ಎರಡೂ ಒಂದೇ ಚಾನೆಲ್‌ಗೆ ಸೇರಿ, ಜೋಡಿ ಕೊಂಡ ಉದ್ದೇಶವೇ ಕೆಡುತ್ತದೆ. ಕೈಪಿಡಿಯ ಚಿತ್ರವನ್ನು ಒಮ್ಮೆ ನೋಡಿ ಖಚಿತಪಡಿಸಿಕೊಳ್ಳಿ.

ಹಳೆಯ ಸ್ಟಿಕ್ ತೆಗೆಯಲು ಸ್ಲಾಟ್‌ನ ತುದಿಯ ಕೊಂಡಿಯನ್ನು ಹೊರಕ್ಕೆ ಒತ್ತಿದರೆ ಸಾಕು, ಸ್ಟಿಕ್ ತಾನಾಗಿ ಮೇಲೇಳುತ್ತದೆ. ಕೆಲವು ಬೋರ್ಡ್‌ಗಳಲ್ಲಿ ಒಂದೇ ತುದಿಯಲ್ಲಿ ಕೊಂಡಿ ಇರುತ್ತದೆ, ಇನ್ನೊಂದು ತುದಿ ಅಲುಗಾಡುವುದಿಲ್ಲ. ಅದನ್ನು ಬಗ್ಗಿಸಲು ಹೋಗಬೇಡಿ. ಹೊಸ ಸ್ಟಿಕ್ಕನ್ನು ಸ್ಲಾಟ್‌ನ ಮೇಲೆ ನೆಟ್ಟಗೆ ಹಿಡಿದು ಕೆಳ ಅಂಚಿನ ಕಚ್ಚನ್ನು ಸ್ಲಾಟ್‌ನೊಳಗಿನ ಉಬ್ಬಿಗೆ ಹೊಂದಿಸಿ. ಆ ಕಚ್ಚು ನಟ್ಟನಡುವೆ ಇರುವುದಿಲ್ಲ, ಒಂದು ಬದಿಗೆ ತುಸು ಸರಿದಿರುತ್ತದೆ, ಹಾಗಾಗಿ ತಿರುವುಮುರುವಾಗಿ ಕೂರಿಸಲು ಬರುವುದಿಲ್ಲ. ಹೊಂದಿದ ಮೇಲೆ ಎರಡೂ ಹೆಬ್ಬೆರಳುಗಳಿಂದ ಎರಡೂ ತುದಿಗಳನ್ನು ಸಮನಾಗಿ ಒತ್ತಿ. ಮೊದಲ ಸಲ ಮಾಡುವವರಿಗೆ ಇಷ್ಟು ಬಲ ಹಾಕಬಹುದೇ ಎಂದು ಅಳುಕು ಬರುವಷ್ಟು ಒತ್ತಡ ಬೇಕಾಗುತ್ತದೆ, ಬೋರ್ಡ್ ತುಸು ಬಾಗಿದಂತೆಯೂ ಕಾಣಬಹುದು. ಕೊಂಡಿ ಟಕ್ ಎಂದು ತಾನೇ ಮುಚ್ಚಿಕೊಂಡಾಗ ನಿಲ್ಲಿಸಿ. ಕಚ್ಚು ಹೊಂದದಿದ್ದಾಗ ಮಾತ್ರ ಒತ್ತಲೇಬಾರದು. ಕೂತ ಮೇಲೆ ಪಕ್ಕದಿಂದ ಬಗ್ಗಿ ನೋಡಿ: ಸ್ಟಿಕ್‌ನ ಕೆಳ ಅಂಚು ಸ್ಲಾಟ್‌ನ ಉದ್ದಕ್ಕೂ ಒಂದೇ ಮಟ್ಟದಲ್ಲಿರಬೇಕು. ಒಂದು ತುದಿಯಲ್ಲಿ ಬಂಗಾರದ ಗೆರೆ ಇಣುಕುತ್ತಿದ್ದರೆ ಆ ಬದಿ ಕೂತಿಲ್ಲ. ಹಾಕಿದ ಮೇಲೆ ಯಂತ್ರ ಏಳುತ್ತಿಲ್ಲ ಎಂಬ ದೂರುಗಳಲ್ಲಿ ಬಹುಪಾಲಿಗೆ ಕಾರಣ ಇದೇ.

ಲ್ಯಾಪ್‌ಟಾಪ್‌ನಲ್ಲಿ

ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ಕಿತ್ತರೆ ಸಾಲದು, ಒಳಗೆ ಬ್ಯಾಟರಿ ಇದೆ. ತಳದ ಮುಚ್ಚಳದ ತಿರುಪುಗಳು ಬೇರೆ ಬೇರೆ ಉದ್ದದವಾಗಿರುವುದುಂಟು, ಆದ್ದರಿಂದ ಯಾವುದು ಎಲ್ಲಿಯದೆಂಬ ಗುರುತು ಸಹಿತ ಕಾಗದದ ಮೇಲೆ ಜೋಡಿಸಿಡಿ. ಮುಚ್ಚಳವನ್ನು ಹಳೆಯ ಪ್ಲಾಸ್ಟಿಕ್ ಕಾರ್ಡ್‌ನಿಂದ ಅಂಚಿನುದ್ದಕ್ಕೂ ಮೆಲ್ಲಗೆ ಬಿಡಿಸಿ, ಮೊದಲು ಬ್ಯಾಟರಿಯ ಕನೆಕ್ಟರನ್ನು ಮದರ್‌ಬೋರ್ಡ್‌ನಿಂದ ಕಳಚಿ. ರ್ಯಾಮ್ ಮೇಲೆ ತೆಳುವಾದ ಲೋಹದ ಹಾಳೆ ಇದ್ದರೆ ಎತ್ತಿ ಪಕ್ಕಕ್ಕಿಡಿ.

ಸ್ಟಿಕ್‌ನ ಎರಡೂ ಬದಿಯ ಲೋಹದ ಹಿಡಿಕೆಗಳನ್ನು ಒಟ್ಟಿಗೆ ಹೊರಕ್ಕೆ ಸರಿಸಿದರೆ ಅದು ಓರೆಯಾಗಿ ಮೇಲೇಳುತ್ತದೆ. ಅದೇ ಓರೆಯಲ್ಲಿ ಎಳೆದು ತೆಗೆಯಿರಿ. ಹೊಸದನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಪಿನ್‌ಗಳು ಬಹುಮಟ್ಟಿಗೆ ಮರೆಯಾಗುವವರೆಗೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿದರೆ ಹಿಡಿಕೆಗಳು ಎರಡೂ ಬದಿಯಿಂದ ಕಚ್ಚಿಕೊಳ್ಳುತ್ತವೆ. ಒಳಕ್ಕೆ ಪೂರ್ತಿ ತಳ್ಳದೆ ಕೆಳಕ್ಕೆ ಒತ್ತಿದರೆ ಹಿಡಿಕೆ ಬಿದ್ದರೂ ಸಂಪರ್ಕ ಸಿಗದು. ಬ್ಯಾಟರಿಯ ಕನೆಕ್ಟರನ್ನು ಮತ್ತೆ ಜೋಡಿಸಿ ಮುಚ್ಚಳ ಹಾಕಿ. ಮೊದಲ ಸಲ ಚಾರ್ಜರ್ ಸಿಕ್ಕಿಸಿಯೇ ಯಂತ್ರವನ್ನು ಶುರುಮಾಡಿ.

ಮೊದಲ ಸಲ ಶುರುಮಾಡಿದಾಗ

ಹೊಸ ಡಿಡಿಆರ್5 ಹಾಕಿದ ಯಂತ್ರ ಮೊದಲ ಸಲ ಹಲವು ನಿಮಿಷ ಕಪ್ಪು ಪರದೆಯನ್ನೇ ತೋರಿಸಬಹುದು. ಸ್ಟಿಕ್‌ಗಳೊಂದಿಗೆ ಯಾವ ಸಮಯ ಹೊಂದಾಣಿಕೆಯಲ್ಲಿ ಸಂವಹನ ನಡೆಸಬೇಕೆಂದು ಬೋರ್ಡ್ ಪರೀಕ್ಷಿಸಿ ನೋಡುತ್ತಿರುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎಂದು ಹೆಸರು. ತಾಳ್ಮೆಗೆಟ್ಟು ಆರಿಸಿದರೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಹದಿನೈದು ನಿಮಿಷ ಕಾದರೂ ಏನೂ ಬಾರದಿದ್ದರೆ, ಅಥವಾ ಬೋರ್ಡಿನ ಮೇಲೆ ಡಿರ್ಯಾಮ್ ಎಂದು ಗುರುತಿರುವ ಪುಟ್ಟ ದೀಪ ಉರಿಯುತ್ತಲೇ ಇದ್ದರೆ, ಆರಿಸಿ ಸ್ಟಿಕ್‌ಗಳನ್ನು ತೆಗೆದು ಮತ್ತೆ ಕೂರಿಸಿ. ಆಗಲೂ ಆಗದಿದ್ದರೆ ಎ2 ಸ್ಲಾಟ್‌ನಲ್ಲಿ ಒಂದನ್ನೇ ಹಾಕಿ ನೋಡಿ, ಆಮೇಲೆ ಅದೇ ಜಾಗದಲ್ಲಿ ಇನ್ನೊಂದನ್ನು ಹಾಕಿ ನೋಡಿ. ತಪ್ಪು ಯಾವುದರದ್ದೆಂದು ತಿಳಿಯುತ್ತದೆ. ವಿದ್ಯುತ್ ತಂತಿ ಕಿತ್ತು, ಬೋರ್ಡಿನ ಮೇಲಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಟ್ಟರೆ ಬಯೋಸ್‌ನ ಹಳೆಯ ಸೆಟ್ಟಿಂಗ್‌ಗಳು ಅಳಿಸಿಹೋಗಿ ಸರಿಯಾಗುವ ಸಂದರ್ಭಗಳೂ ಇವೆ.

ಯಂತ್ರ ಎದ್ದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಗಾತ್ರವನ್ನು ನೋಡಿ. ಒಂದೆರಡು ಜಿಬಿ ಹಾರ್ಡ್‌ವೇರ್ ರಿಸರ್ವ್ಡ್ ಎಂದು ಕಡಿಮೆಯಾಗಿದ್ದರೆ ಅದು ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಹೋದ ಪಾಲು. ಅರ್ಧಕ್ಕರ್ಧ ಕಾಣೆಯಾಗಿದ್ದರೆ ಒಂದು ಸ್ಟಿಕ್ ಕೂತಿಲ್ಲ.

ಗಾತ್ರ ಸರಿಯಿದ್ದರೂ ವೇಗ ಸರಿಯಿರುತ್ತದೆಂಬ ಖಾತ್ರಿಯಿಲ್ಲ. ಡಿಡಿಆರ್5-6000 ಎಂದು ಕೊಂಡ ಸ್ಟಿಕ್ ತಾನಾಗಿ ಓಡುವುದು ಸಾಮಾನ್ಯವಾಗಿ 4800ರಂಥ ಪ್ರಮಾಣಿತ ವೇಗದಲ್ಲಿ. ಪೊಟ್ಟಣದ ಮೇಲಿನ ವೇಗ ಬೇಕೆಂದರೆ ಬಯೋಸ್‌ಗೆ ಹೋಗಿ, ಇಂಟೆಲ್ ಬೋರ್ಡ್ ಆದರೆ ಎಕ್ಸ್‌ಎಂಪಿ, ಎಎಂಡಿ ಆದರೆ ಎಕ್ಸ್‌ಪೋ ಎಂಬ ಪ್ರೊಫೈಲನ್ನು ಚಾಲೂ ಮಾಡಬೇಕು. ವರ್ಷಗಟ್ಟಲೆ ಇದನ್ನು ಮಾಡದೆ, ಕೊಟ್ಟ ಹಣದ ವೇಗ ಪಡೆಯದೆಯೇ ಬಳಸುವವರು ಬಹಳ ಮಂದಿ. ಇದು ಪ್ರಮಾಣಿತ ಮಿತಿಯನ್ನು ಮೀರಿದ ವೇಗವಾದ್ದರಿಂದ ಪ್ರತಿ ಯಂತ್ರದಲ್ಲೂ ಸ್ಥಿರವಾಗಿ ನಿಲ್ಲುತ್ತದೆಂದು ಹೇಳಲಾಗದು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆಯೇ ಇರುವುದಿಲ್ಲ.

ಪ್ರೊಫೈಲ್ ಚಾಲೂ ಮಾಡಿದ ಮೇಲೆ ಪರೀಕ್ಷೆ ಮಾಡಲೇಬೇಕು. ವಿಂಡೋಸ್‌ನೊಳಗೇ ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಆದರೆ ನಾನು ಹೆಚ್ಚು ನಂಬುವುದು ಯುಎಸ್‌ಬಿ ಡ್ರೈವ್‌ನಿಂದ ಶುರುವಾಗುವ ಮೆಮ್‌ಟೆಸ್ಟ್86 ಅಥವಾ ಮೆಮ್‌ಟೆಸ್ಟ್86+ ಅನ್ನು. ರಾತ್ರಿ ಮಲಗುವ ಮುಂಚೆ ಶುರುಮಾಡಿ ಬೆಳಿಗ್ಗೆ ನೋಡಿದರಾಯಿತು. ಒಂದೇ ಒಂದು ದೋಷ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಕೆಟ್ಟ ರ್ಯಾಮ್ ಯಂತ್ರವನ್ನು ನಿಲ್ಲಿಸುವುದಕ್ಕೆ ಮೊದಲು ನಿಮ್ಮ ಕಡತಗಳನ್ನು ಸದ್ದಿಲ್ಲದೆ ಹಾಳುಮಾಡಿರಬಹುದು. ದೋಷ ಬಂದರೆ ಪ್ರೊಫೈಲನ್ನು ತೆಗೆದು ಮತ್ತೆ ಪರೀಕ್ಷಿಸಿ. ಆಗ ದೋಷ ಹೋದರೆ ತೊಂದರೆ ವೇಗದ್ದು, ಒಂದು ಮೆಟ್ಟಿಲು ಕಡಿಮೆ ವೇಗವನ್ನು ಇಟ್ಟುಕೊಂಡು ನೋಡಬಹುದು. ಹೋಗದಿದ್ದರೆ ಒಂದೊಂದೇ ಸ್ಟಿಕ್ ಹಾಕಿ ಪರೀಕ್ಷಿಸಿ ಕೆಟ್ಟದ್ದನ್ನು ಗುರುತಿಸಿ, ಜೋಡಿಯಾಗಿ ಕೊಂಡಿದ್ದರೆ ಎರಡನ್ನೂ ಒಟ್ಟಿಗೇ ವಾರಂಟಿಯಲ್ಲಿ ಬದಲಿಸಿಕೊಳ್ಳಿ.

ತೆಗೆದ ಹಳೆಯ ಸ್ಟಿಕ್‌ಗಳನ್ನು, ಹೊಸದು ಬಂದ ಪೊಟ್ಟಣದಲ್ಲೋ ಸ್ಥಾಯೀ ವಿದ್ಯುತ್ ತಡೆಯುವ ಚೀಲದಲ್ಲೋ ಹಾಕಿ, ಹೊಸದನ್ನು ಹಿಂತಿರುಗಿಸುವ ಅವಧಿ ಮುಗಿಯುವವರೆಗಾದರೂ ಇಟ್ಟುಕೊಂಡಿರಿ. ವಿದ್ಯುತ್ ಹೋದ ಕೂಡಲೇ ರ್ಯಾಮ್‌ನಲ್ಲಿದ್ದದ್ದು ಅಳಿಸಿಹೋಗುವುದರಿಂದ, ನಿಮ್ಮ ಕಡತಗಳು ಅದರಲ್ಲಿ ಉಳಿದಿರಬಹುದೆಂಬ ಚಿಂತೆಯಿಲ್ಲದೆ ಆಮೇಲೆ ಅದನ್ನು ಮಾರಬಹುದು ಅಥವಾ ಬೇಕಾದವರಿಗೆ ಕೊಡಬಹುದು.